ಬಿಸಿಯಾದಾಗ ಮುನಿಯುವ ಕಾರು

ಬೆಳಗ್ಗೆ ಕೀಲಿ ತಿರುಗಿಸಿದ ಕೂಡಲೇ ಚಾಲೂ ಆಗುತ್ತದೆ. ಐವತ್ತು ಅರವತ್ತು ಕಿಲೋಮೀಟರು ತಕರಾರಿಲ್ಲದೆ ಓಡುತ್ತದೆ. ಕಾಫಿಗೆಂದು ನಿಲ್ಲಿಸಿ ಕಾಲು ಗಂಟೆ ಬಿಟ್ಟು ಬಂದರೆ ಸೆಲ್ಫ್ ತಿರುಗುತ್ತಲೇ ಇರುತ್ತದೆ, ಎಂಜಿನ್ ಮಾತ್ರ ಹೊತ್ತಿಕೊಳ್ಳುವುದಿಲ್ಲ. ಮೆಕ್ಯಾನಿಕ್ ಬಂದು ಬಾನೆಟ್ ಎತ್ತುವ ಹೊತ್ತಿಗೆ ಏನೂ ಆಗೇ ಇಲ್ಲವೆಂಬಂತೆ ಚಾಲೂ ಆಗಿಬಿಡುತ್ತದೆ. ಇಂಥ ಕಾರು ನಿಮ್ಮ ಬಳಿ ಇದೆಯೇ? ನನ್ನ ಬಳಿ ಇತ್ತು. ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಭೌತವಿಜ್ಞಾನ ಬೋಧಿಸಿದ ನಾನು ಅದಕ್ಕೆ ಎರಡು ಸಲ ದಂಡ ತೆತ್ತೆ. ಮೂರನೆಯ ಸಲ ಹೆದರಿದ ಮೇಲೆಯೇ ಭೌತವಿಜ್ಞಾನ ನೆನಪಾದದ್ದು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಶಾಲೆ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ಅಲ್ಲಿ ತರಬೇತಿ ಶಿಬಿರಗಳು ನಡೆಯುತ್ತವೆ. ಕೆಲವು ವರ್ಷಗಳ ಹಿಂದೆ ಪಾಠ ಹೇಳಲು ನಾನೂ ಬೆಂಗಳೂರಿನಿಂದ ಹೋಗಿ ಬರುತ್ತಿದ್ದೆ. ಹಿರಿಯೂರು ದಾಟಿದರೆ ಚಳ್ಳಕೆರೆ, ಅಲ್ಲಿಂದ ನಾಯಕನಹಟ್ಟಿಯ ಕಡೆಗೆ ರಸ್ತೆ. ಸುತ್ತಲೂ ಹುಲ್ಲುಗಾವಲಿನ ಕಾವಲು. ಮಳೆ ಕಡಿಮೆ, ಮರ ಇನ್ನೂ ಕಡಿಮೆ. ಏಪ್ರಿಲ್ ಮಧ್ಯಾಹ್ನ ಅಲ್ಲಿ ಕಾರು ನಿಂತರೆ ನೆರಳು ಅಂದರೆ ಕಾರಿನ ನೆರಳೇ.

ಮೊದಲ ಸಲ ಅದು ಕೈಕೊಟ್ಟದ್ದು ಚಳ್ಳಕೆರೆಯಲ್ಲಿ. ಹನ್ನೊಂದು ವರ್ಷದ ಪೆಟ್ರೋಲ್ ಕಾರು. ಊಟಕ್ಕೆ ನಿಲ್ಲಿಸಿ ಅರ್ಧ ಗಂಟೆಯ ನಂತರ ಬಂದರೆ ಏಳಲಿಲ್ಲ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸೋತಿತು. ಬಂದ ಮೆಕ್ಯಾನಿಕ್ ಸೋತ ಬ್ಯಾಟರಿಯನ್ನು ಕಂಡು ಹೊಸದು ತರಿಸಿ ಹಾಕಿದ. ಕಾರು ಚಾಲೂ ಆಯಿತು. ಎರಡು ವಾರದ ಮೇಲೆ ಹಿರಿಯೂರಿನ ಹತ್ತಿರ ಅದೇ ಕಥೆ. ಈ ಸಲದ ಮೆಕ್ಯಾನಿಕ್ ಹೆಚ್ಚು ಜಾಣ. ಸೆಲ್ಫ್ ಹೊಡೆಯುವಾಗ ಎಂಜಿನ್ನಿಗೆ ಪೆಟ್ರೋಲು ಬರುತ್ತಿಲ್ಲವೆಂದು ತೋರಿಸಿಯೇ ಕೊಟ್ಟ. ಟ್ಯಾಂಕಿನೊಳಗಿನ ಪಂಪನ್ನು ಬದಲಾಯಿಸಿದ್ದಾಯಿತು. ಕಾರು ಚಾಲೂ ಆಯಿತು. "ಇನ್ನು ತಲೆಬಿಸಿ ಇಲ್ಲ ಸಾರ್" ಎಂದ. ನನಗೂ ಹಾಗೇ ಅನ್ನಿಸಿತು.

ಮೂರನೆಯ ಸಲ ಜೊತೆಯಲ್ಲಿ ಅಮ್ಮ ಇದ್ದರು. ಎಂಬತ್ತೊಂದು ವರ್ಷ, ರಕ್ತದೊತ್ತಡಕ್ಕೆ ದಿನಾ ಮಾತ್ರೆ. ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ದರ್ಶನ ಮಾಡಿಸೆಂದು ಬಹಳ ದಿನದಿಂದ ಕೇಳುತ್ತಿದ್ದರು. ಚಳ್ಳಕೆರೆ ದಾಟಿ, ಕಾವಲಿನ ನಡುವೆ, ಫೋನ್ ಬಂತೆಂದು ರಸ್ತೆ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದೆ. ಹತ್ತು ಹನ್ನೆರಡು ನಿಮಿಷದ ಮಾತು. ಆಮೇಲೆ ಕಾರು ಏಳಲಿಲ್ಲ. ಎರಡು ಗಂಟೆಯ ಬಿಸಿಲು. ಅಮ್ಮ ಏನೂ ಹೇಳಲಿಲ್ಲ, ಬಾಟಲಿಯ ನೀರಿನಲ್ಲಿ ಸೆರಗು ಒದ್ದೆ ಮಾಡಿ ತಲೆಯ ಮೇಲೆ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ "ಕಣ್ಣು ಕತ್ತಲೆ ಬರ್ತಿದೆ ಕಣೋ" ಅಂದರು. ಆ ಕಡೆಯಿಂದ ಬಂದ ಲಗೇಜ್ ಆಟೋದವರೊಬ್ಬರು ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಕುದಾಪುರಕ್ಕೆ ತಲುಪಿಸಿದರು. ತಲೆಸುತ್ತು ಇಳಿದದ್ದು ರಾತ್ರಿಗೆ. ಕಾರನ್ನು ಕಾಯುತ್ತಾ ಉಳಿದ ನಾನು ಮುಕ್ಕಾಲು ಗಂಟೆಯ ನಂತರ ಸುಮ್ಮನೆ ಕೀಲಿ ತಿರುಗಿಸಿದರೆ ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಯಾರೂ ಏನೂ ಮಾಡಿರಲಿಲ್ಲ.

ಯಾರೂ ಏನೂ ಮಾಡಿರಲಿಲ್ಲ ಎಂಬುದೇ ಇಡೀ ಪ್ರಕರಣದ ಸುಳಿವು. ಬ್ಯಾಟರಿ ತರಿಸಿ ಹಾಕಲು ಒಂದು ಗಂಟೆ ಹಿಡಿದಿತ್ತು, ಪಂಪು ಬದಲಾಯಿಸಲು ಎರಡು ಗಂಟೆ. ಅಷ್ಟರಲ್ಲಿ ಎಂಜಿನ್ ತಣಿದಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಬಿಸಿಯಲ್ಲಿ ಮಾತ್ರ ಇರುವ ದೋಷಕ್ಕೆ ಯಾವ ರಿಪೇರಿ ಮಾಡಿದರೂ ಫಲ ಕಂಡಂತೆಯೇ ತೋರುತ್ತದೆ, ಏಕೆಂದರೆ ರಿಪೇರಿಗೆ ಹಿಡಿಯುವ ಸಮಯವೇ ಅದಕ್ಕೆ ಔಷಧ. ಆದ್ದರಿಂದ ದೋಷವನ್ನು ಅದು ಇರುವಾಗಲೇ, ಅಂದರೆ ಕಾರು ನಿಂತ ಮೊದಲ ಕಾಲು ಗಂಟೆಯಲ್ಲೇ ಪರೀಕ್ಷಿಸಬೇಕು. ನಾವು ಮಾಡಿದ ಚಿಕಿತ್ಸೆಯ ಪರಿಣಾಮವನ್ನು ಕಾಲದ ಪರಿಣಾಮದಿಂದ ಬೇರ್ಪಡಿಸಬೇಕು. ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ದಿನಾ ಹೇಳುವ ಮಾತು. ರಸ್ತೆ ಬದಿಯಲ್ಲಿ ನನಗೆ ಹೊಳೆದಿರಲಿಲ್ಲ.

ಎಂಜಿನ್ ಆರಿಸಿದ ಕೂಡಲೇ ಅದು ತಣಿಯಲು ತೊಡಗುತ್ತದೆ ಎಂದು ನೀವು ಊಹಿಸಬಹುದು. ಎರಕದ ಒಡಲು ನಿಧಾನವಾಗಿ ತಣಿಯುವುದು ನಿಜ. ಆದರೆ ಅದರ ಸುತ್ತ ಕುಳಿತ ಚಿಕ್ಕ ಭಾಗಗಳ ಗತಿ ಬೇರೆ. ಕಾರು ಓಡುವಾಗ ಎಂಜಿನ್ನಿನ ತಂಪುನೀರು ಸುಮಾರು 90° ಸೆ. ಇರುತ್ತದೆ, ಹೊಗೆ ಹೊರಹೋಗುವ ಕೊಳವೆ ಕೆಲವು ನೂರು ಡಿಗ್ರಿ. ಆದರೂ ಮುಂದಿನಿಂದ ನುಗ್ಗುವ ಗಾಳಿ ಪೆಟ್ರೋಲಿನ ನಳಿಕೆ, ತಂತಿ, ಸಂವೇದಕಗಳನ್ನು ತಂಪಾಗಿಡುತ್ತದೆ. ಕಾರು ನಿಂತಾಗ ಗಾಳಿ ನಿಲ್ಲುತ್ತದೆ, ನೀರಿನ ಪರಿಚಲನೆ ನಿಲ್ಲುತ್ತದೆ. ಎರಕದಲ್ಲಿ ಕೂಡಿಟ್ಟ ಉಷ್ಣ ಮಾತ್ರ ಹರಿಯುತ್ತಲೇ ಇರುತ್ತದೆ. ಹೀಗಾಗಿ ಬಾನೆಟ್ಟಿನ ಕೆಳಗಿನ ತಾಪ ಎಂಜಿನ್ ಆರಿಸಿದ ಮೇಲೆ ಇಳಿಯುವ ಬದಲು ಏರುತ್ತದೆ. ಹತ್ತರಿಂದ ಮೂವತ್ತು ನಿಮಿಷದೊಳಗೆ ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ. ಒಲೆ ಆರಿಸಿ ಮುಚ್ಚಳ ಮುಚ್ಚಿಟ್ಟ ಪಾತ್ರೆಯ ಹಿಡಿಕೆ ಆಮೇಲೆ ಕೈ ಸುಡುವುದಿಲ್ಲವೇ, ಹಾಗೆ. ಓಡುವಾಗ ಕೆಡದ ಕಾರು ನಿಂತು ಹತ್ತು ನಿಮಿಷಕ್ಕೆ ಕೆಡುವುದೂ ಗಂಟೆ ಕಳೆದರೆ ಸರಿಯಾಗುವುದೂ ಇದರಿಂದ.

ಇನ್ನು ಪತ್ತೆಯ ಕೆಲಸ. ಮೊದಲ ಉಪಕರಣ ನಿಮ್ಮ ಕಿವಿ. ಸೆಲ್ಫ್ ಬೆಳಗಿನ ವೇಗದಲ್ಲೇ ತಿರುಗುತ್ತಿದೆಯೇ, ಅಥವಾ ನರಳುತ್ತಾ ತಿರುಗುತ್ತಿದೆಯೇ? ನರಳುತ್ತಿದ್ದರೆ ಪೆಟ್ರೋಲು, ಕಿಡಿ ಯಾವುದರ ಚಿಂತೆಯೂ ಬೇಡ, ದೋಷ ವಿದ್ಯುತ್ತಿನದು. ತಾಮ್ರದ ರೋಧ ಒಂದು ಡಿಗ್ರಿಗೆ ಶೇಕಡಾ 0.39ರಷ್ಟು ಏರುತ್ತದೆ. 30 ಡಿಗ್ರಿಯಲ್ಲಿದ್ದ ಸೆಲ್ಫ್ ಮೋಟಾರಿನ ಸುರುಳಿ 90ಕ್ಕೆ ಏರಿದರೆ ಅದರ ರೋಧ ಶೇಕಡಾ 23ರಷ್ಟು ಹೆಚ್ಚುತ್ತದೆ. ಆರೋಗ್ಯವಾಗಿರುವ ಸೆಲ್ಫ್ ಇದನ್ನು ತಡೆದುಕೊಳ್ಳುತ್ತದೆ. ಆದರೆ ಬ್ಯಾಟರಿಯ ಟರ್ಮಿನಲ್ ಅಥವಾ ಎಂಜಿನ್ನಿನ ಅರ್ತ್ ತಂತಿ ಕಿಲುಬು ಹಿಡಿದು ಬರೀ 0.01 ಓಮ್ ರೋಧ ಸೇರಿಸಿದೆ ಎನ್ನಿ. ಸೆಲ್ಫ್ 150 ಆಂಪೇರ್ ಎಳೆಯುವಾಗ ಅಲ್ಲೇ ಒಂದೂವರೆ ವೋಲ್ಟ್ ನಷ್ಟ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ಧ್ರುವಕ್ಕೂ ಇನ್ನೊಂದನ್ನು ಎಂಜಿನ್ನಿನ ಬೋಳು ಲೋಹಕ್ಕೂ ಇಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಅರ್ತ್ ಸರಿಯಿಲ್ಲ. ಗೇರು ನ್ಯೂಟ್ರಲ್‌ನಲ್ಲಿದ್ದು ಕೈಬ್ರೇಕ್ ಹಾಕಿರಬೇಕು. ರೇಡಿಯೇಟರಿನ ಫ್ಯಾನು ಎಂಜಿನ್ ಆರಿದ್ದರೂ ತಟಕ್ಕನೆ ತಿರುಗಬಹುದು, ಕೈ ದೂರವಿರಲಿ. ರೇಡಿಯೇಟರ್ ಮುಚ್ಚಳವನ್ನಂತೂ ಬಿಸಿಯಲ್ಲಿ ತೆರೆಯಲೇಬೇಡಿ.

ಸೆಲ್ಫ್ ಚುರುಕಾಗಿ ತಿರುಗಿಯೂ ಎಂಜಿನ್ ಹೊತ್ತದಿದ್ದರೆ ಉಳಿದವು ಮೂರು: ಇಂಧನ, ಕಿಡಿ, ಕಂಪ್ರೆಷನ್. ಕಂಪ್ರೆಷನ್ನಿನ ಮಾತನ್ನು ಬೇಗ ಮುಗಿಸೋಣ. ಬಿಸಿಯಲ್ಲಿ ವಾಲ್ವಿನ ಕಾಂಡ ಉದ್ದವಾಗುತ್ತದೆ. ಅದಕ್ಕೆಂದೇ ಬಿಟ್ಟ ಸಂದು, ಅಂದರೆ ಟ್ಯಾಪೆಟ್ ಸೆಟ್ಟಿಂಗ್, ತೀರ ಬಿಗಿಯಾಗಿದ್ದರೆ ವಾಲ್ವು ಪೂರ್ತಿ ಮುಚ್ಚದೆ ಅನಿಲ ಸೋರುತ್ತದೆ. ಗ್ಯಾಸಿನಲ್ಲಿ ಓಡಿಸುವ ಹಳೆಯ ಕಾರುಗಳಲ್ಲಿ ಇದು ಹೆಚ್ಚು.

ಇಂಧನದ ಕಥೆ ದೊಡ್ಡದು. ನೀರಿಗೆ ಇರುವಂತೆ ಪೆಟ್ರೋಲಿಗೆ ಒಂದೇ ಕುದಿಬಿಂದುವಿಲ್ಲ. ಅದು ನೂರಾರು ಹೈಡ್ರೊಕಾರ್ಬನ್ನುಗಳ ಮಿಶ್ರಣ. ಹಗುರವಾದವು 35-40 ಡಿಗ್ರಿಯಲ್ಲೇ ಕುದಿಯತೊಡಗುತ್ತವೆ, ಭಾರವಾದವು 200ರ ಆಸುಪಾಸಿನವರೆಗೆ ತಾಳುತ್ತವೆ. ಅಂಬಾಸಿಡರ್ ಕಾರಿನ ಕಾಲದಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತಿತ್ತು ಮತ್ತು ಟ್ಯಾಂಕಿನಿಂದ ಪೆಟ್ರೋಲನ್ನು ಹೀರುತ್ತಿತ್ತು. ಹೀರುವುದೆಂದರೆ ನಳಿಕೆಯಲ್ಲಿ ಒತ್ತಡ ಇಳಿಸುವುದು. ಒತ್ತಡ ಇಳಿದರೆ ಕುದಿಬಿಂದುವೂ ಇಳಿಯುತ್ತದೆ. ನಳಿಕೆಯಲ್ಲಿ ಆವಿ ತುಂಬಿ ಪಂಪು ಬರೀ ಆವಿಯನ್ನೇ ಹಿಸುಕುತ್ತಾ ಕೂರುತ್ತಿತ್ತು. ಘಾಟಿ ಹತ್ತಿದ ಡ್ರೈವರುಗಳು ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದುದನ್ನು ನನ್ನ ವಯಸ್ಸಿನವರು ಕಂಡಿದ್ದೀರಿ. ಅದು ನಂಬಿಕೆಯಲ್ಲ, ಅಪ್ಪಟ ಭೌತವಿಜ್ಞಾನ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಆದರೆ ಒದ್ದೆ ಬಟ್ಟೆಯ ಉಪಯೋಗ ಮುಗಿದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಇಂಜೆಕ್ಷನ್ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೆ ಮುಳುಗಿದ್ದು ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ನಳಿಕೆಯಲ್ಲಿ ವಾಯುಭಾರಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚುವರಿ ಒತ್ತಡ. ಅಷ್ಟು ಒತ್ತಡದಲ್ಲಿ ಪೆಟ್ರೋಲು ಸುಲಭವಾಗಿ ಕುದಿಯದು. ಎಂಜಿನ್ ಆರಿಸಿದ ಮೇಲೂ ಆ ಒತ್ತಡ ಉಳಿಯುವಂತೆ ಪಂಪಿನಲ್ಲಿ ಒಂದು ತಡೆಬಾಗಿಲು ಇರುತ್ತದೆ. ಅದು ಸೋರಿದರೆ ಒತ್ತಡ ಬೀಳುತ್ತದೆ, ನಿಂತ ಕಾರಿನ ಬಿಸಿಗೆ ನಳಿಕೆಯಲ್ಲಿ ಆವಿ ಏಳುತ್ತದೆ. ಪರೀಕ್ಷೆ ಸುಲಭ. ಸೆಲ್ಫ್ ಹೊಡೆಯದೆ ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿ, ಪಂಪು ಎರಡು ಮೂರು ಸೆಕೆಂಡು ಗುಂಯ್‌ಗುಟ್ಟಿ ನಿಂತ ಮೇಲೆ ಆಫ್ ಮಾಡಿ. ಹೀಗೆ ಮೂರು ನಾಲ್ಕು ಸಲ. ಆಮೇಲೆ ಸೆಲ್ಫ್ ಹೊಡೆದಾಗ ಥಟ್ಟನೆ ಎದ್ದರೆ ಕಳ್ಳ ಸಿಕ್ಕಿದ. ಎಥನಾಲ್ ಬೆರೆಸಿದ ಪೆಟ್ರೋಲನ್ನು ಇಂಥ ತೊಂದರೆಗೆಲ್ಲ ಹೊಣೆ ಮಾಡುವುದು ಈಚಿನ ರೂಢಿ. ಅಲ್ಪ ಪ್ರಮಾಣದ ಎಥನಾಲ್ ಪೆಟ್ರೋಲಿನ ಆವಿಯ ಒತ್ತಡವನ್ನು ಕೊಂಚ ಏರಿಸುವುದು ನಿಜ. ಆದರೆ ಒತ್ತಡ ಹಿಡಿದಿಡುವ ನಳಿಕೆಯಲ್ಲಿ ಅಷ್ಟರಿಂದ ಕಾರು ನಿಲ್ಲದು. ಸೋರುವ ಬಾಗಿಲನ್ನು ಮೊದಲು ನೋಡಿ.

ಇದಕ್ಕೆ ತದ್ವಿರುದ್ಧ ದೋಷವೂ ಉಂಟು: ಪೆಟ್ರೋಲು ಹೆಚ್ಚಾಗುವುದು. ಇಂಜೆಕ್ಟರು ತೊಟ್ಟಿಕ್ಕಿದರೆ ಹೀಗಾಗುತ್ತದೆ. ತಂಪುನೀರಿನ ತಾಪ ಅಳೆಯುವ ಸಂವೇದಕ ಸುಳ್ಳು ಹೇಳಿದರೂ ಆಗುತ್ತದೆ. ಈ ಸಂವೇದಕ ತಾಮ್ರಕ್ಕೆ ವಿರುದ್ಧ ಗುಣದ್ದು, ಬಿಸಿಯಾದಂತೆ ಅದರ ರೋಧ ಇಳಿಯುತ್ತದೆ. ಅನೇಕ ಕಾರುಗಳಲ್ಲಿ 20 ಡಿಗ್ರಿಗೆ ಸುಮಾರು 2500 ಓಮ್, 80 ಡಿಗ್ರಿಗೆ 300ರ ಆಸುಪಾಸು. ಬಿಸಿಯಲ್ಲೂ ಅದು 2500 ಎಂದೇ ತೋರಿಸಿದರೆ ಎಂಜಿನ್ನನ್ನು ಆಳುವ ಕಂಪ್ಯೂಟರು 'ಬೆಳಗಿನ ಚಳಿ' ಎಂದು ತಿಳಿದು ಧಾರಾಳವಾಗಿ ಪೆಟ್ರೋಲು ಸುರಿಸುತ್ತದೆ. ಪ್ಲಗ್ಗು ಒದ್ದೆಯಾಗುತ್ತದೆ, ಸೈಲೆನ್ಸರಿನಲ್ಲಿ ಹಸಿ ಪೆಟ್ರೋಲಿನ ವಾಸನೆ. ಇಂಥಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು ಸೆಲ್ಫ್ ಹೊಡೆದರೆ ಬಹುತೇಕ ಕಾರುಗಳಲ್ಲಿ ಕಂಪ್ಯೂಟರು ಪೆಟ್ರೋಲನ್ನು ನಿಲ್ಲಿಸಿ ಗಾಳಿಯನ್ನಷ್ಟೇ ಬಿಡುತ್ತದೆ. ಎಂಜಿನ್ ಕೆಮ್ಮುತ್ತಾ ಎದ್ದರೆ ಪೆಟ್ರೋಲು ಹೆಚ್ಚಾಗಿತ್ತೆಂದು ಅರ್ಥ.

ಹಳೆಯ ಜೀಪು, ಟ್ರ್ಯಾಕ್ಟರು ಇರುವವರಿಗೆ ಎರಡು ಮಾತು. ಡೀಸೆಲ್ಲಿಗೆ ಕಿಡಿ ಬೇಡ, ಅಪಾರ ಒತ್ತಡ ಬೇಕು. ರೋಟರಿ ಪಂಪು ಒಳಗೆ ಸವೆದಿದ್ದರೆ, ಬಿಸಿಯಾಗಿ ತೆಳ್ಳಗಾದ ಡೀಸೆಲ್ ಸವೆದ ಸಂದಿನಲ್ಲಿ ನುಸುಳಿ ಒತ್ತಡ ಏರುವುದಿಲ್ಲ. ಬೆಳಗ್ಗೆ ಅದೇ ಡೀಸೆಲ್ ಮಂದವಾಗಿರುವುದರಿಂದ ತೊಂದರೆ ಕಾಣದು. ಎಂಜಿನ್ ಆರಿರುವಾಗ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಐದು ನಿಮಿಷ ಬಿಟ್ಟು ನೋಡಿ. ಕೊಡದಿಂದ ತಣ್ಣೀರು ಸುರಿಯಬೇಡಿ. ಹೊರಕವಚ ಥಟ್ಟನೆ ಕುಗ್ಗಿ ಪಂಪು ಹಿಡಿದುಕೊಂಡೀತು.

ಈಗ ನನ್ನ ಕಾರಿಗೆ ಬರೋಣ. ಕುದಾಪುರದಲ್ಲಿ ಮರುದಿನ ಪಾಠಕ್ಕೆ ಮೊದಲು ಶಿಕ್ಷಕರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರಿಗೆ ನನ್ನ ಪಾಠಕ್ಕಿಂತ ನನ್ನ ಕಾರೇ ಹೆಚ್ಚು ಹಿಡಿಸಿತು. ಮಧ್ಯಾಹ್ನ ಚಳ್ಳಕೆರೆಯವರೆಗೆ ಓಡಿಸಿ ಹಿಂತಿರುಗಿ, ನಿಲ್ಲಿಸಿ, ಹದಿನೈದು ನಿಮಿಷ ಕಾದೆವು. ಕೀಲಿ ತಿರುಗಿಸಿದೆ, ಕಾರು ಏಳಲಿಲ್ಲ. ಕಾರು ಏಳದೆ ಇದ್ದದ್ದಕ್ಕೆ ನನಗೆ ಖುಷಿಯಾದದ್ದು ಅದೊಂದೇ ಸಲ. ಒಬ್ಬರು ಹಿಂದಿನ ಸೀಟಿಗೆ ಕಿವಿಗೊಟ್ಟು ಪಂಪಿನ ಸದ್ದು ಕೇಳಿದರು. ಕೀಲಿ ಆನ್ ಆದಾಗ ಎರಡು ಸೆಕೆಂಡು ಸದ್ದು ಇತ್ತು, ಸೆಲ್ಫ್ ಹೊಡೆಯುವಾಗ ಇರಲಿಲ್ಲ. ಪ್ಲಗ್ಗಿಗೂ ಅದರ ತಂತಿಗೂ ನಡುವೆ ಸಿಕ್ಕಿಸಿದ್ದ ಪರೀಕ್ಷಾ ದೀಪ ಹೊತ್ತಲಿಲ್ಲ, ಅಂದರೆ ಕಿಡಿಯೂ ಇಲ್ಲ. ಮೊಳಕಾಲ್ಮೂರು ಕಡೆಯ ಶಾಲೆಯೊಂದರ ಶಿಕ್ಷಕಿ ಮುಂದೆ ಬಾಗಿ, "ಸರ್, ಆರ್‌ಪಿಎಂ ಮುಳ್ಳು ಅಲ್ಲಾಡ್ಲೇ ಇಲ್ಲ" ಎಂದರು.

ಹಿರಿಯೂರಿನ ಜಾಣ ಎಡವಿದ್ದು ಇಲ್ಲೇ. ಪೆಟ್ರೋಲು ಬರುತ್ತಿಲ್ಲ ಎಂಬ ಅವನ ವೀಕ್ಷಣೆ ಸರಿಯಾಗಿತ್ತು. ಕಿಡಿಯೂ ಇಲ್ಲವೆಂದು ಅವನು ನೋಡಿರಲಿಲ್ಲ. ಪೆಟ್ರೋಲು, ಕಿಡಿ ಎರಡೂ ಒಟ್ಟಿಗೆ ಮಾಯವಾದರೆ ಎರಡು ಭಾಗಗಳು ಒಂದೇ ಗಳಿಗೆಯಲ್ಲಿ ಕೆಟ್ಟಿರುವುದು ಅಪರೂಪ. ಎರಡಕ್ಕೂ ಅಪ್ಪಣೆ ಕೊಡುವ ಕಂಪ್ಯೂಟರಿಗೆ ಏನೋ ಸುದ್ದಿ ತಲುಪುತ್ತಿಲ್ಲವೆಂದೇ ಊಹಿಸಬೇಕು. ಆ ಸುದ್ದಿ 'ಎಂಜಿನ್ ತಿರುಗುತ್ತಿದೆ' ಎಂಬುದು. ಅದಿಲ್ಲದೆ ಕಿಡಿ ಯಾವಾಗ ಹಾರಿಸಬೇಕೆಂದು ಕಂಪ್ಯೂಟರಿಗೆ ತಿಳಿಯದು. ಪಂಪನ್ನೂ ಅದು ಬೇಕೆಂದೇ ನಿಲ್ಲಿಸುತ್ತದೆ. ಅಪಘಾತದಲ್ಲಿ ಎಂಜಿನ್ ನಿಂತಾಗ ಹರಿದ ನಳಿಕೆಯಿಂದ ಪೆಟ್ರೋಲು ಸುರಿಯುತ್ತಿರಬಾರದಲ್ಲ. ಸ್ಕ್ಯಾನರಿನಲ್ಲಿ ದೋಷದ ಸಂಖ್ಯೆ ಬಂದಿರಲಿಲ್ಲ, ಅದೂ ಸಹಜ. ನಿಂತ ಎಂಜಿನ್ನಿಗೂ ಸುದ್ದಿ ಬಾರದ ಎಂಜಿನ್ನಿಗೂ ವ್ಯತ್ಯಾಸ ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಮುಳ್ಳಿನ ಈ ಲಕ್ಷಣ ಎಲ್ಲ ಕಾರುಗಳಲ್ಲೂ ಕಾಣುವುದಿಲ್ಲ. ಸ್ಕ್ಯಾನರ್ ಇದ್ದರೆ ಸೆಲ್ಫ್ ಹೊಡೆಯುತ್ತಲೇ ಎಂಜಿನ್ ವೇಗ ಎಷ್ಟೆಂದು ನೋಡಿ. ಸೊನ್ನೆ ಎಂದರೆ ಸಂಶಯ ಈ ಸಂವೇದಕದ ಮೇಲೆ.

ಕ್ರ್ಯಾಂಕ್ ಸೆನ್ಸರ್ ಎನ್ನುವ ಇದು ನನ್ನ ಕಾರಿನಲ್ಲಿ ಒಂದು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯ ತಾಮ್ರದ ಸುರುಳಿ, ಅಷ್ಟೆ. ಎದುರಿಗೆ ಹಲ್ಲಿನ ಚಕ್ರ. ಒಂದೊಂದು ಹಲ್ಲು ಹಾದುಹೋದಾಗಲೂ ಸುರುಳಿಯಲ್ಲಿ ವೋಲ್ಟೇಜು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡ ಪ್ರೇರಣೆ ಇದೇ. ವೋಲ್ಟೇಜು ವೇಗಕ್ಕೆ ಅನುಪಾತದಲ್ಲಿರುತ್ತದೆ. ಓಡುವಾಗ ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು, ಸೆಲ್ಫ್ ಹೊಡೆಯುವಾಗ ಬರೀ ಇನ್ನೂರರ ಆಸುಪಾಸು. ಆದ್ದರಿಂದ ಸೊರಗಿದ ಸಂವೇದಕ ಓಡುವ ಕಾರನ್ನು ಹೇಗೋ ಸಾಗಿಸಿ, ಚಾಲೂ ಮಾಡುವಾಗಲೇ ಸೋಲುವುದು ಹೆಚ್ಚು.

ಆದರೂ ಬಿಚ್ಚುವ ಮುನ್ನ ಇನ್ನೊಂದು ಪರೀಕ್ಷೆ ಬಾಕಿ ಇತ್ತು. ಜೋಡಣೆಗೆ ನೀರು ಸೋಕದಂತೆ ಒದ್ದೆ ಬಟ್ಟೆಯನ್ನು ಸಂವೇದಕದ ಮೈಗೆ ಸುತ್ತಿದೆವು. ಮೂರು ನಿಮಿಷಕ್ಕೆ ಕಾರು ಎದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದೆ ನಿಂತಿದ್ದ ಒಬ್ಬರು ಮಾತ್ರ, "ಸರ್, ಬಟ್ಟೆ ಇಲ್ದೇ ಮೂರು ನಿಮಿಷ ಕಾದಿದ್ರೂ ಏಳ್ತಿತ್ತೇನೋ" ಎಂದರು. ಇಡೀ ಶಿಬಿರದಲ್ಲಿ ನಾನು ಕೇಳಿದ ಅತ್ಯುತ್ತಮ ಪ್ರಶ್ನೆ ಅದು. ಮರುದಿನ ಮತ್ತೆ ಅದೇ ದಾರಿ, ಅದೇ ಹದಿನೈದು ನಿಮಿಷ. ಏಳದ ಕಾರನ್ನು ಮೂರು ನಿಮಿಷ ಸುಮ್ಮನೆ ಬಿಟ್ಟು ಸೆಲ್ಫ್ ಹೊಡೆದರೆ ಏಳಲಿಲ್ಲ. ಇನ್ನೂ ಮೂರು ನಿಮಿಷ ಬಿಟ್ಟೆವು, ಏಳಲಿಲ್ಲ. ಬಟ್ಟೆ ಸುತ್ತಿದೆವು, ಎದ್ದಿತು.

ಸಂಜೆ ಸಂವೇದಕವನ್ನು ಬಿಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಎಲೆಕ್ಟ್ರಿಕ್ ಕೆಟಲಿನ ನೀರಿಗೆ ಥರ್ಮಾಮೀಟರಿನ ಜೊತೆ ಇಳಿಬಿಟ್ಟೆವು. 32 ಡಿಗ್ರಿಯಲ್ಲಿ 870 ಓಮ್. 60 ಡಿಗ್ರಿಗೆ 961, 70ಕ್ಕೆ 994. ತಾಮ್ರದ ಸೂತ್ರ ಹಾಕಿ ಲೆಕ್ಕ ಮಾಡಿದರೂ ಅದೇ ಸಂಖ್ಯೆಗಳು ಬರುತ್ತವೆ. ಹಾಗಾಗಿ ಇಲ್ಲಿಯವರೆಗೆ ಕಾಯಿಲೆಯಿಲ್ಲ. 76 ಡಿಗ್ರಿ ದಾಟುತ್ತಲೇ ಮೀಟರಿನ ಅಂಕೆ ಮಾಯವಾಯಿತು. ಸುರುಳಿ ತುಂಡಾಗಿದೆ. ನೀರು ಆರಲು ಬಿಟ್ಟೆವು. 64ಕ್ಕೆ ಇಳಿದಾಗ ಅಂಕೆ ಮರಳಿ ಬಂತು. ಪ್ಲಾಸ್ಟಿಕ್ಕು ತಾಮ್ರಕ್ಕಿಂತ ಹಲವು ಪಟ್ಟು ಹಿಗ್ಗುತ್ತದೆ. ಒಳಗೆಲ್ಲೋ ಬಿರುಕು ಬಿಟ್ಟ ತಂತಿಯ ತುದಿಗಳನ್ನು ಬಿಸಿಯಲ್ಲಿ ಅದು ಅಗಲಿಸುತ್ತಿತ್ತು, ತಣಿದಾಗ ಮತ್ತೆ ತಾಗಿಸುತ್ತಿತ್ತು. ಕೋಣೆಯ ತಾಪದಲ್ಲಿ ಮೀಟರು ಹಿಡಿದ ಯಾವ ಮೆಕ್ಯಾನಿಕ್ಕನಿಗೂ ಇದು ಸಿಕ್ಕುತ್ತಿರಲಿಲ್ಲ.

ಹೊಸ ಸಂವೇದಕಕ್ಕೆ ಆದ ಖರ್ಚು ಬ್ಯಾಟರಿಗೂ ಪಂಪಿಗೂ ತೆತ್ತ ಹಣದ ಹತ್ತನೆಯ ಒಂದು ಪಾಲು. ಹಾಕುವಾಗ ಅದರ ಮುಖಕ್ಕೂ ಹಲ್ಲಿನ ಚಕ್ರಕ್ಕೂ ನಡುವಿನ ಸಂದು ಸರಿಯಾಗಿದೆಯೇ ನೋಡಿಸಿ. ಒಂದು ಮಿಲಿಮೀಟರಿನ ಆಸುಪಾಸಿನ ಸಂದು ಸ್ವಲ್ಪ ಹೆಚ್ಚಾದರೂ ವೋಲ್ಟೇಜು ಕುಸಿಯುತ್ತದೆ. ಸಂವೇದಕದ ತಂತಿ ಹೊಗೆ ಕೊಳವೆಯ ಹತ್ತಿರ ಸುಳಿಯದಂತೆ ಕ್ಲಿಪ್ಪು ಹಾಕಿಸಿ. ನನ್ನದಕ್ಕೆ ಆ ಕ್ಲಿಪ್ಪು ಎಂದೋ ಬಿದ್ದುಹೋಗಿತ್ತು.

ಅಮ್ಮನನ್ನು ನಾಯಕನಹಟ್ಟಿಗೆ ಕರೆದೊಯ್ದದ್ದು ಮುಂದಿನ ತಿಂಗಳು. ಕಾರನ್ನು ನಿಲ್ಲಿಸಿದ್ದು ಬಿಸಿಲಿನಲ್ಲಿ, ಬೇಕೆಂದೇ. ದರ್ಶನಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಹಿಂತಿರುಗಿ ಕೀಲಿ ತಿರುಗಿಸುವ ಮುನ್ನ ಅಮ್ಮನಿಗೆ ಆರ್‌ಪಿಎಂ ಮುಳ್ಳು ಯಾವುದೆಂದು ತೋರಿಸಿದೆ. ಸೆಲ್ಫ್ ತಿರುಗಿದ ಕೂಡಲೇ ಅದು ಮೇಲೆದ್ದಿತು. "ಎದ್ದಿತು ಕಣೋ" ಎಂದರು ಅಮ್ಮ, ಮುಳ್ಳನ್ನೇ ನೋಡುತ್ತಾ.